ಕತ್ತಲೆಯನ್ನೂ ಮೌನವನ್ನೂ ಹುಡುಕಿದ ವಿಜ್ಞಾನಿ ವೈನು ಬಪ್ಪು



ನೀವು ಎಂದಾದರೂ ಅಮಾವಾಸ್ಯೆಯ ರಾತ್ರಿ ಕುರುಡುಮಲೆಯಲ್ಲಿ ನಿಂತು ಆಕಾಶ ನೋಡಿದ್ದೀರಾ? ಕರೆಂಟ್ ಹೋಗಿರುವ ಹೊತ್ತಾದರೆ ಇನ್ನೂ ಒಳ್ಳೆಯದು. ಬೆಟ್ಟದ ಅಂಚಿನಿಂದ ನೆತ್ತಿಯವರೆಗೂ ನಕ್ಷತ್ರಗಳು ಚೆಲ್ಲಿರುತ್ತವೆ. ಕರೆಂಟ್ ಬಂದ ಕೂಡಲೇ ಅವುಗಳಲ್ಲಿ ಎಷ್ಟೋ ಮಾಯವಾಗುತ್ತವೆ. ನಕ್ಷತ್ರಗಳು ಎಲ್ಲಿಗೂ ಹೋಗಿರುವುದಿಲ್ಲ, ನಮ್ಮ ದೀಪಗಳೇ ಅವುಗಳನ್ನು ಮರೆಮಾಡಿರುತ್ತವೆ. ವಿಶ್ವವನ್ನು ನೋಡಬೇಕೆನ್ನುವವರಿಗೆ ಎದುರಾಗುವ ಮೊದಲ ಕಷ್ಟ ಇದೇ. ಈ ಕಷ್ಟದೊಡನೆ ಜೀವಮಾನವಿಡೀ ಸೆಣಸಿದ ಒಬ್ಬ ಮಹನೀಯರ ಕಥೆಯನ್ನು ನಿಮಗೆ ಹೇಳಬೇಕಾಗಿದೆ. ಅವರು ಮುನ್ನಡೆಸಿದ ಸಂಸ್ಥೆಯ ರೇಡಿಯೋ ದೂರದರ್ಶಕವೊಂದು ಅಂದಿನ ನಮ್ಮ ಕೋಲಾರ ಜಿಲ್ಲೆಯಲ್ಲೇ ತಲೆಯೆತ್ತಿತು ಎಂಬುದು ನಮ್ಮ ಎಷ್ಟೋ ಮಕ್ಕಳಿಗೆ ತಿಳಿಯದು.

ಮನಾಲಿ ಕಲ್ಲಟ್ ವೈನು ಬಪ್ಪು 1927ರ ಆಗಸ್ಟ್ 10ರಂದು ಮದ್ರಾಸಿನಲ್ಲಿ ಜನಿಸಿದರು. ಬೆಳೆದದ್ದು ಹೈದರಾಬಾದಿನಲ್ಲಿ. ಅಲ್ಲಿ ನವಾಬ್ ಜಫರ್ ಜಂಗ್ ಎಂಬ ಖಗೋಳಪ್ರೇಮಿ ತಮ್ಮ ಸ್ವಂತ ಹಣದಿಂದ ಒಂದು ವೀಕ್ಷಣಾಲಯವನ್ನು ಆರಂಭಿಸಿದ್ದರು. ಮುಂದೆ ನಿಜಾಮ್ ಸರ್ಕಾರ ಅದನ್ನು ವಹಿಸಿಕೊಂಡಿತು. ಉರ್ದುವಿನಲ್ಲಿ ವೀಕ್ಷಣಾಲಯಕ್ಕೆ ರಸದ್‌ಗಾಹ್ ಎನ್ನುತ್ತೇವೆ, ಅಂದರೆ ಕಾದು ನೋಡುವ ಸ್ಥಳ. ಈ ನಿಜಾಮಿಯಾ ರಸದ್‌ಗಾಹ್‌ನಲ್ಲಿ ಬಪ್ಪು ಅವರ ತಂದೆ ಸಹಾಯಕರಾಗಿದ್ದರು. ಮಗನಿಗೆ ದೂರದರ್ಶಕವೇ ಆಟದ ಒಡನಾಡಿಯಾಯಿತು. ವಿದ್ಯಾರ್ಥಿಯಾಗಿದ್ದಾಗಲೇ ಬಪ್ಪು ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸಿ ಲೇಖನಗಳನ್ನು ಪ್ರಕಟಿಸಿದರು.

ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಹೋದ ಕೆಲವೇ ತಿಂಗಳುಗಳಲ್ಲಿ, 1949ರ ಜುಲೈನಲ್ಲಿ, ಆಕಾಶದ ಛಾಯಾಚಿತ್ರವೊಂದರಲ್ಲಿ ಹೊಸ ಧೂಮಕೇತುವನ್ನು ಕಂಡುಹಿಡಿದರು. ಅದು ಇಂದಿಗೂ ಬಪ್ಪು-ಬಾಕ್-ನ್ಯೂಕರ್ಕ್ ಧೂಮಕೇತು ಎಂದೇ ಪ್ರಸಿದ್ಧ. 1952ರಲ್ಲಿ ಡಾಕ್ಟರೇಟ್ ಪಡೆದ ಬಳಿಕ ಪಾಲೋಮಾರ್ ವೀಕ್ಷಣಾಲಯದಲ್ಲಿ ಓಲಿನ್ ವಿಲ್ಸನ್ ಅವರೊಡನೆ ದುಡಿದರು. ನಕ್ಷತ್ರದ ವರ್ಣಪಟಲದಲ್ಲಿ ಕ್ಯಾಲ್ಸಿಯಂ ಮೂಡಿಸುವ ಒಂದು ರೇಖೆಯ ಅಗಲವನ್ನು ಅಳೆದರೆ ಆ ನಕ್ಷತ್ರದ ನಿಜವಾದ ಪ್ರಕಾಶ ಎಷ್ಟೆಂದು ಹೇಳಬಹುದು ಎಂದು ಇಬ್ಬರೂ ತೋರಿಸಿಕೊಟ್ಟರು. ಪ್ರಕಾಶ ತಿಳಿದರೆ ದೂರವೂ ತಿಳಿಯುತ್ತದೆ. 1957ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ವಿಲ್ಸನ್-ಬಪ್ಪು ಪರಿಣಾಮ ಎಂದು ಹೆಸರು.

ಇಂಥ ಹೆಸರು ಗಳಿಸಿದವರು ಅಲ್ಲೇ ನೆಲೆಸಬಹುದಿತ್ತಲ್ಲವೇ? ಆದರೆ ಬಪ್ಪು ಸ್ವದೇಶಕ್ಕೆ ಮರಳಿದರು. ಇಲ್ಲಿ ಅವರಿಗಾಗಿ ದೊಡ್ಡ ದೂರದರ್ಶಕವೇನೂ ಕಾದಿರಲಿಲ್ಲ. 1954ರಲ್ಲಿ ವಾರಾಣಸಿಯಲ್ಲಿ ಆರಂಭವಾಗಿದ್ದ ಉತ್ತರ ಪ್ರದೇಶದ ವೀಕ್ಷಣಾಲಯದ ಹೊಣೆ ಹೊತ್ತು, ಅದನ್ನು ನೈನಿತಾಲ್‌ನ ಬೆಟ್ಟಗಳಿಗೆ ಸಾಗಿಸಿದರು. 1960ರಲ್ಲಿ ಕೊಡೈಕೆನಾಲ್ ವೀಕ್ಷಣಾಲಯದ ನಿರ್ದೇಶಕರಾದರು. ಅದು ಸೂರ್ಯನ ಅಧ್ಯಯನಕ್ಕೆ ಹೆಸರಾದ ಸ್ಥಳ. ಆದರೆ ನಕ್ಷತ್ರಗಳನ್ನು ನೋಡಲು ಮೋಡವಿಲ್ಲದ, ದೀಪವಿಲ್ಲದ ರಾತ್ರಿಗಳು ಬೇಕಷ್ಟೆ. ಬಪ್ಪು ಬೆಟ್ಟಬೆಟ್ಟ ಸುತ್ತಿ ಹುಡುಕಿದರು. ಕೊನೆಗೆ ಆರಿಸಿಕೊಂಡದ್ದು ನಮ್ಮ ಮುಳಬಾಗಿಲಿಗೆ ಆಗ್ನೇಯದಲ್ಲಿ, ತಮಿಳುನಾಡಿನ ಜವಾದಿ ಬೆಟ್ಟಗಳ ಕಾಡಿನ ನಡುವೆ ಇರುವ ಕಾವಲೂರನ್ನು.

ಅಲ್ಲಿ 1968ರಲ್ಲಿ ಕೆಲಸ ಆರಂಭಿಸಿದ ದೂರದರ್ಶಕದ ಅಗಲ ಕೇವಲ 38 ಸೆಂಟಿಮೀಟರ್. 1972ರಲ್ಲಿ ಸುಮಾರು 1 ಮೀಟರ್ ಅಗಲದ ದೂರದರ್ಶಕ ಬಂತು. 1977ರ ಮಾರ್ಚ್ 10ರಂದು ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಗ್ರಹ ಅಡ್ಡಬರುವ ಮೊದಲೇ ನಕ್ಷತ್ರ ಕ್ಷಣಕಾಲ ಮಂಕಾದದ್ದನ್ನು ಕಾವಲೂರಿನವರೂ ದಾಖಲಿಸಿದರು. ಯುರೇನಸ್ಸಿಗೂ ಬಳೆಗಳಿವೆ ಎಂಬ ಸತ್ಯವನ್ನು ಜಗತ್ತು ಅರಿತದ್ದು ಆ ರಾತ್ರಿಯ ವೀಕ್ಷಣೆಗಳಿಂದಲೇ.

ಇನ್ನು ನಮ್ಮ ಜಿಲ್ಲೆಯ ವಿಷಯಕ್ಕೆ ಬರೋಣ. ಕಣ್ಣಿಗೆ ಕಾಣುವ ಬೆಳಕಷ್ಟೇ ಆಕಾಶದಿಂದ ಬರುವುದಿಲ್ಲ, ರೇಡಿಯೋ ಅಲೆಗಳೂ ಬರುತ್ತವೆ. 1930ರ ದಶಕದ ಆರಂಭದಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ಅಮೆರಿಕದ ಎಂಜಿನಿಯರ್ ಆಂಟೆನಾದಲ್ಲಿ ಕೇಳಿಬರುತ್ತಿದ್ದ ಕರಕರೆಯ ಮೂಲ ಹುಡುಕುತ್ತಾ ಹೋಗಿ, ಅದರಲ್ಲೊಂದು ಪಾಲು ಆಕಾಶಗಂಗೆಯಿಂದ ಬರುತ್ತಿದೆ ಎಂದು ಕಂಡುಕೊಂಡಿದ್ದರು. 1971ರಲ್ಲಿ ಬಪ್ಪು ಅವರ ಪ್ರಯತ್ನದಿಂದ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಯಿತು. 1975ರಲ್ಲಿ ಅದರ ಕೇಂದ್ರ ಬೆಂಗಳೂರಿಗೆ ಬಂತು. ಬಪ್ಪು ಸ್ವತಃ ಬೆಳಕಿನ ದೂರದರ್ಶಕದ ಮನುಷ್ಯ. ಆದರೂ ಸಂಸ್ಥೆಯಲ್ಲಿ ರೇಡಿಯೋ ಖಗೋಳ ವಿಜ್ಞಾನಕ್ಕೆ ಅವರು ಜಾಗ ಕೊಟ್ಟರು. ಸರ್ ಸಿ.ವಿ. ರಾಮನ್ ಸ್ಥಾಪಿಸಿದ್ದ ರಾಮನ್ ಸಂಶೋಧನಾ ಸಂಸ್ಥೆಯ ಜೊತೆಗೂಡಿ 1976ರಲ್ಲಿ ಗೌರಿಬಿದನೂರಿನ ಬಳಿ ದೊಡ್ಡ ರೇಡಿಯೋ ದೂರದರ್ಶಕ ಸ್ಥಾಪನೆಯಾಯಿತು. ಗೌರಿಬಿದನೂರು ಆಗ ಕೋಲಾರ ಜಿಲ್ಲೆಗೇ ಸೇರಿತ್ತು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ.

ಈ ದೂರದರ್ಶಕದಲ್ಲಿ ಗಾಜೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ದ್ರಾಕ್ಷಿ ಚಪ್ಪರಕ್ಕೆ ಕಂಬ ನೆಟ್ಟಂತೆ ಬಯಲಿನಲ್ಲಿ ನಿಲ್ಲಿಸಿದ 1000 ಆಂಟೆನಾಗಳು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಹರಡಿದ್ದವು. ಪೂರ್ವ-ಪಶ್ಚಿಮಕ್ಕೆ ಸುಮಾರು 1.4 ಕಿಲೋಮೀಟರ್, ದಕ್ಷಿಣಕ್ಕೆ ಸುಮಾರು 450 ಮೀಟರ್. ಇಷ್ಟು ದೊಡ್ಡದೇಕೆ? ಅದು ಹಿಡಿಯುತ್ತಿದ್ದದ್ದು 34.5 ಮೆಗಾಹರ್ಟ್ಸ್ ಅಲೆಗಳನ್ನು. ಅಂದರೆ ಒಂದೊಂದು ಅಲೆಯ ಉದ್ದ ಸುಮಾರು 8.7 ಮೀಟರ್. ಅಲೆ ಉದ್ದವಾದಷ್ಟೂ ನೋಟ ಮಸುಕಾಗುತ್ತದೆ. ನೋಟ ಚುರುಕಾಗಬೇಕಾದರೆ ಯಂತ್ರ ದೊಡ್ಡದಾಗಬೇಕು. ಇಷ್ಟುದ್ದದ ಯಂತ್ರಕ್ಕೂ ಪೂರ್ಣಚಂದ್ರನ ಅಗಲಕ್ಕಿಂತ ತೀರಾ ಚಿಕ್ಕ ವಿವರಗಳು ಬೇರೆಬೇರೆಯಾಗಿ ಕಾಣುತ್ತಿರಲಿಲ್ಲ! ನಮ್ಮ ಪುಟ್ಟ ಕಣ್ಣು ಅದಕ್ಕಿಂತ ಚುರುಕು. ಆದರೆ ಸೂರ್ಯನ ಹೊರಕವಚದ ಸ್ಫೋಟಗಳ, ನಮ್ಮ ಆಕಾಶಗಂಗೆಯ ಮತ್ತು ಪಲ್ಸಾರ್ ಎಂಬ ನಕ್ಷತ್ರಗಳ ರೇಡಿಯೋ ಅಲೆಗಳು ಕಣ್ಣಿಗೆ ಕಾಣುವಂಥವಲ್ಲ. ಅವುಗಳನ್ನು ಆ ಬಯಲಿನ ಆಂಟೆನಾಗಳು ಹಿಡಿದವು.

ಕಷ್ಟ ಅಷ್ಟಕ್ಕೇ ಮುಗಿಯುವುದಿಲ್ಲ. ನಮ್ಮ ವಾತಾವರಣದ ಮೇಲ್ಭಾಗದ ಅಯಾನುಗೋಳ ಈ ಉದ್ದದ ಅಲೆಗಳನ್ನು ಬಾಗಿಸಿ ಕದಡುತ್ತದೆ, ಇನ್ನೂ ಉದ್ದದ ಅಲೆಗಳನ್ನು ಕೆಳಕ್ಕೆ ಬಿಡುವುದೇ ಇಲ್ಲ. ಸಾಲದ್ದಕ್ಕೆ ಮನುಷ್ಯರ ಗದ್ದಲ. ಒಂದು ವಾಹನದ ಕಿಡಿ ಅಥವಾ ಒಂದು ಪ್ರಸಾರ ಕೇಂದ್ರ ಸಾಕು, ಆಕಾಶದ ಪಿಸುಮಾತು ಮುಳುಗಿಹೋಗುತ್ತದೆ. ಅದಕ್ಕಾಗಿಯೇ ಸುತ್ತ ಬೆಟ್ಟಗಳು ಗೋಡೆಯಂತೆ ಕಾಯುವ ಗೌರಿಬಿದನೂರಿನ ಕಣಿವೆ ಬೇಕಾಯಿತು. ಕಾವಲೂರಿನಲ್ಲಿ ಕತ್ತಲೆ ಹೇಗೋ ಇಲ್ಲಿ ಮೌನ ಹಾಗೆ.

ಬಪ್ಪು ಅವರಿಗೆ ಇನ್ನೊಂದು ಕನಸಿತ್ತು. 2.34 ಮೀಟರ್ ಅಗಲದ ದೂರದರ್ಶಕವನ್ನು ನಮ್ಮವರೇ ವಿನ್ಯಾಸ ಮಾಡಿ, ನಮ್ಮಲ್ಲೇ ಕನ್ನಡಿ ಉಜ್ಜಿ ಕಟ್ಟಬೇಕು ಎಂಬುದು. ಕೊಂಡು ತರುವುದು ಸುಲಭ, ಆದರೆ ಕಟ್ಟಲು ಕಲಿತರೆ ಮುಂದಿನವರಿಗೆ ದಾರಿಯಾಗುತ್ತದೆ ಎಂದು ಅವರು ನಂಬಿದ್ದರು. ಬೆಂಗಳೂರಿನಲ್ಲಿ ಕನ್ನಡಿಯ ಕೆಲಸ ಸಾಗುತ್ತಿತ್ತು. 1979ರಲ್ಲಿ ಅವರು ಅಂತಾರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಗೌರವ ಪಡೆದ ಮೊದಲ ಭಾರತೀಯ ಅವರು. 1981ರಲ್ಲಿ ಪದ್ಮಭೂಷಣ ಬಂತು. 1982ರ ಆಗಸ್ಟ್‌ನಲ್ಲಿ ಗ್ರೀಸ್ ದೇಶದಲ್ಲಿ ನಡೆದ ಒಕ್ಕೂಟದ ಮಹಾಸಭೆಗೆ ಅವರೇ ಅಧ್ಯಕ್ಷತೆ ವಹಿಸಬೇಕಿತ್ತು. ಆದರೆ ಹೃದಯದ ಶಸ್ತ್ರಚಿಕಿತ್ಸೆಯ ನಂತರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್‌ನಲ್ಲಿ ಕೊನೆಯುಸಿರೆಳೆದರು. ಆಗ ಅವರ ವಯಸ್ಸು 55.

ತಾವು ಕನಸು ಕಂಡ ದೂರದರ್ಶಕದಿಂದ ಒಂದೇ ಒಂದು ನಕ್ಷತ್ರವನ್ನೂ ಅವರು ನೋಡಲಿಲ್ಲ. ಆದರೆ ಅವರು ತಯಾರು ಮಾಡಿದ ಜನರ ಕೈಗಳು ನಿಲ್ಲಲಿಲ್ಲ. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿಯವರು ಅದನ್ನು ಉದ್ಘಾಟಿಸಿ, ವೈನು ಬಪ್ಪು ದೂರದರ್ಶಕ ಎಂದು ಹೆಸರಿಟ್ಟರು.

ಓದುಗರೇ, ನಮ್ಮ ಶಾಲೆಯಲ್ಲಿ ಪ್ರಯೋಗಾಲಯವಿಲ್ಲ, ನಮ್ಮ ಊರು ಚಿಕ್ಕದು ಎಂದು ನಾವು ಮಕ್ಕಳ ಮುಂದೆ ಹೇಳುತ್ತಲೇ ಇರುತ್ತೇವೆ. ಆದರೆ ದೊಡ್ಡ ನಗರಗಳು ಎಷ್ಟು ಹಣ ಕೊಟ್ಟರೂ ಕೊಳ್ಳಲಾಗದ ಕತ್ತಲೆ ಕುರುಡುಮಲೆಯಂಥ ಹಳ್ಳಿಗಳಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಹೊಸ ದೀಪಗಳು ಬಂದಂತೆ ಅದೂ ಕರಗುತ್ತಿದೆ. ಅಂಗಳದ ದೀಪವನ್ನು ಅರ್ಧ ಗಂಟೆ ಆರಿಸಿ, ನಿಮ್ಮ ಮಗನನ್ನೋ ಮಗಳನ್ನೋ ಹೊರಗೆ ಕರೆತಂದು ಆಕಾಶ ತೋರಿಸಿ. ಒಬ್ಬ ರಸದ್‌ಗಾಹ್ ಸಹಾಯಕರು ತಮ್ಮ ಮಗನಿಗೆ ಮಾಡಿದ್ದು ಇಷ್ಟೇ.