ಗಾಂಧರ್ವ ಮಹಾವಿದ್ಯಾಲಯದ ಸಂಸ್ಥಾಪಕ ಪಂಡಿತ ವಿಷ್ಣು ದಿಗಂಬರ ಪಲುಸ್ಕರ್

ಸಂಗೀತವು ನಮ್ಮ ದೇಶದ ಅತಿ ಪ್ರಾಚೀನ ವಿದ್ಯೆಗಳಲ್ಲೊಂದು. ಶತಮಾನಗಳ ಪರ್ಯಂತ ಅದು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಹರಿದು ಬಂದಿತು. ಆದರೆ ಹತ್ತೊಂಬತ್ತನೆಯ ಶತಮಾನದ ಅಂತ್ಯಕಾಲದಲ್ಲಿ ಹಿಂದೂಸ್ಥಾನಿ ಸಂಗೀತದ ಸ್ಥಿತಿ ಚಿಂತಾಜನಕವಾಗಿತ್ತು. ರಾಜಾಶ್ರಯವಿದ್ದಲ್ಲಿ ಮಾತ್ರ ಗಾಯಕನಿಗೆ ಅನ್ನವಿತ್ತು. ಉಸ್ತಾದರು ತಮ್ಮ ಮನೆತನದವರಿಗಲ್ಲದೆ ಅನ್ಯರಿಗೆ ಸುಲಭವಾಗಿ ವಿದ್ಯೆಯನ್ನು ಕೊಡುತ್ತಿರಲಿಲ್ಲ. ಸದ್ಗೃಹಸ್ಥರು ತಮ್ಮ ಮಕ್ಕಳನ್ನು, ಅದರಲ್ಲಿಯೂ ಹೆಣ್ಣುಮಕ್ಕಳನ್ನು, ಸಂಗೀತಕ್ಕೆ ಕಳುಹಿಸಲು ಸಂಕೋಚಪಡುತ್ತಿದ್ದರು. ಗುರುವಿನೊಡನೆ ವಿದ್ಯೆಯೂ ಅಸ್ತಂಗತವಾಗುವ ಭೀತಿಯಿದ್ದ ಅಂತಹ ಕಾಲದಲ್ಲಿ, ಸಂಗೀತವನ್ನು ಅರಮನೆಯಿಂದ ಜನಸಾಮಾನ್ಯರ ಶಾಲೆಗೆ ತಂದ ಮಹನೀಯರು ಪಂಡಿತ ವಿಷ್ಣು ದಿಗಂಬರ ಪಲುಸ್ಕರ್ ಅವರು.

ಪಂಡಿತರು 1872ರ ಆಗಸ್ಟ್ 18ರಂದು ಕುರುಂದವಾಡದಲ್ಲಿ ಜನಿಸಿದರು. ಅಂದು ಪಟವರ್ಧನ ಮನೆತನದ ಸಂಸ್ಥಾನವಾಗಿದ್ದ ಈ ಊರು ಇಂದು ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಗೆ ಸೇರಿದೆ. ಕೃಷ್ಣಾ ಮತ್ತು ಪಂಚಗಂಗಾ ನದಿಗಳ ಸಂಗಮದ ಸಮೀಪದಲ್ಲಿರುವ ಈ ಪ್ರದೇಶವು ನಮ್ಮ ಬೆಳಗಾವಿ ಸೀಮೆಗೆ ಅತಿ ನಿಕಟವಾದುದು. ತಂದೆ ದಿಗಂಬರ ಗೋಪಾಳ ಪಲುಸ್ಕರ್ ಅವರು ಕೀರ್ತನಕಾರರಾಗಿದ್ದುದರಿಂದ ಬಾಲಕನ ಕಿವಿಗೆ ಭಜನೆಯೂ ಕಥಾಕೀರ್ತನೆಯೂ ಬಾಲ್ಯದಿಂದಲೇ ಬಿದ್ದವು.

ವಿಧಿಯ ಆಟವು ವಿಚಿತ್ರವಾದುದು. ದತ್ತಜಯಂತಿಯ ಉತ್ಸವವೊಂದರಲ್ಲಿ ಪಟಾಕಿ ಸಿಡಿದು ಬಾಲಕನ ಕಣ್ಣುಗಳಿಗೆ ತೀವ್ರ ಗಾಯವಾಯಿತು. ದೃಷ್ಟಿ ಬಹಳ ಮಟ್ಟಿಗೆ ಕುಂದಿತು. ಶಾಲೆಯ ಓದು ನಿಂತುಹೋಯಿತು. ಚಿಕಿತ್ಸೆಗೆಂದು ಮೀರಜಕ್ಕೆ ಬಂದಾಗ ಅಲ್ಲಿಯ ಸಂಸ್ಥಾನಿಕರ ಆಶ್ರಯ ದೊರೆತು, ಪ್ರಸಿದ್ಧ ಗಾಯಕರಾದ ಬಾಳಕೃಷ್ಣಬುವಾ ಇಚಲಕರಂಜೀಕರ್ ಅವರಲ್ಲಿ ಶಿಷ್ಯವೃತ್ತಿ ಪ್ರಾಪ್ತವಾಯಿತು. ಗ್ವಾಲಿಯರ್ ಘರಾಣೆಯ ಖಯಾಲ್ ಗಾಯನವನ್ನು ದಕ್ಷಿಣಕ್ಕೆ ತಂದ ಕೀರ್ತಿ ಬುವಾ ಅವರದು. ಅವರ ಕಠಿಣ ಶಿಸ್ತಿನಲ್ಲಿ ಅನೇಕ ವರ್ಷ ಸಾಧನೆ ಮಾಡಿ ವಿಷ್ಣುಪಂತರು ಪರಿಣತರಾದರು. ಇದೇ ಬುವಾ ಅವರ ಪರಂಪರೆಯಿಂದ ಬಂದ ಮೀರಜದ ನೀಲಕಂಠಬುವಾ ಅವರು ಮುಂದೆ ನಮ್ಮ ಮಲ್ಲಿಕಾರ್ಜುನ ಮನ್ಸೂರ್ ಅವರಿಗೆ ಗುರುಗಳಾದರು ಎಂಬುದು ಕನ್ನಡಿಗರು ಸ್ಮರಿಸಬೇಕಾದ ಸಂಗತಿ.

ಮೀರಜದಲ್ಲಿ ವಿಷ್ಣುಪಂತರಿಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಊರಿನ ಒಂದು ಸಮಾರಂಭಕ್ಕೆ, ಸಂಸ್ಥಾನಿಕರ ಕೃಪೆಗೆ ಪಾತ್ರರಾದ ತಮ್ಮನ್ನು ಆಹ್ವಾನಿಸಿ ತಮ್ಮ ಗುರುಗಳನ್ನು ಕರೆಯದಿದ್ದುದು ಅವರ ಮನಸ್ಸನ್ನು ಬಹಳ ನೋಯಿಸಿತೆಂದು ಜೀವನಚರಿತ್ರಕಾರರು ತಿಳಿಸುತ್ತಾರೆ. ಅಷ್ಟು ದೊಡ್ಡ ವಿದ್ವಾಂಸರಿಗೂ ಸಮಾಜದಲ್ಲಿ ಗಾಯಕನೆಂಬ ಕಾರಣಕ್ಕಾಗಿ ಗೌರವವಿಲ್ಲದಿದ್ದರೆ ಆ ವಿದ್ಯೆಗೆ ಭವಿಷ್ಯವೆಲ್ಲಿಯದು? ಈ ಪ್ರಶ್ನೆಯು ಅವರನ್ನು ನೆಮ್ಮದಿಯಿಂದಿರಗೊಡಲಿಲ್ಲ. 1896ರಲ್ಲಿ ಅವರು ರಾಜಾಶ್ರಯವನ್ನು ತ್ಯಜಿಸಿ ದೇಶಸಂಚಾರಕ್ಕೆ ಹೊರಟರು.

ಬಡೋದೆ ಮೊದಲಾದ ಸ್ಥಳಗಳನ್ನು ಸಂದರ್ಶಿಸಿ ಅವರು ಸೌರಾಷ್ಟ್ರಕ್ಕೆ ಬಂದರು. ಅಲ್ಲಿ ಹಣ ತೆತ್ತು ಬರುವ ಯಾರೇ ಆಗಲಿ ಕುಳಿತು ಕೇಳಬಹುದಾದ ಸಾರ್ವಜನಿಕ ಗಾಯನಸಭೆಯನ್ನು ಏರ್ಪಡಿಸಿದರು. ಇಂದು ನಮಗಿದು ಸಾಮಾನ್ಯವಾಗಿ ತೋರಬಹುದು. ಅಂದು ಅದೊಂದು ಹೊಸ ಹಾದಿ. ಒಬ್ಬ ದೊರೆಯ ಔದಾರ್ಯಕ್ಕೆ ಬದಲಾಗಿ ನೂರು ಜನರ ಕಿರುಕಾಣಿಕೆಯಿಂದ ಸಂಗೀತವು ಬದುಕಬಲ್ಲುದೆಂಬುದನ್ನು ಅವರು ತೋರಿಸಿಕೊಟ್ಟರು. ಭಗವಾನ್ ನೇಮಿನಾಥ ತೀರ್ಥಂಕರರ ನಿರ್ವಾಣಭೂಮಿಯಾದ ಗಿರನಾರ್ ಪರ್ವತದ ಪರಿಸರದಲ್ಲಿ ಅವರಿಗೆ ಒಬ್ಬ ಸಾಧುವಿನ ದರ್ಶನವಾಯಿತೆಂದೂ, ಪಂಜಾಬಿಗೆ ಹೋಗಿ ಕಾರ್ಯಾರಂಭ ಮಾಡುವಂತೆ ಆ ಸಾಧು ಸೂಚಿಸಿದರೆಂದೂ ಪ್ರತೀತಿಯಿದೆ. ಮುಂದೆ ಗ್ವಾಲಿಯರ್, ಮಥುರಾ, ದೆಹಲಿಗಳ ಮಾರ್ಗವಾಗಿ ಅವರು ಲಾಹೋರನ್ನು ತಲುಪಿದರು.

1901ರ ಮೇ 5ರಂದು ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವು ಸ್ಥಾಪಿತವಾಯಿತು. ಭಾಷೆ ಬೇರೆ, ಜನ ಬೇರೆ, ಕೈಯಲ್ಲಿ ಧನವಿಲ್ಲ. ಶಾಲೆಯ ಬಾಗಿಲು ತೆರೆದರೂ ಆರಂಭದ ದಿನಗಳಲ್ಲಿ ವಿದ್ಯಾರ್ಥಿಗಳೇ ಬರಲಿಲ್ಲ. ಪಂಡಿತರು ಧೈರ್ಯಗೆಡದೆ ನಿಯಮಿತ ವೇಳೆಗೆ ತಂಬೂರಿ ಹಿಡಿದು ಕುಳಿತು ತಾವೇ ಸಾಧನೆ ಮಾಡುತ್ತಿದ್ದರಂತೆ. ಕ್ರಮೇಣ ಒಬ್ಬೊಬ್ಬರಾಗಿ ವಿದ್ಯಾರ್ಥಿಗಳು ಬಂದರು. ಮುಂದೆ ಸ್ತ್ರೀಯರಿಗಾಗಿ ಪ್ರತ್ಯೇಕ ತರಗತಿಗಳು ನಡೆದವು. ಗಾಯಕರ ನಡೆನುಡಿಯ ಬಗ್ಗೆ ಸಮಾಜಕ್ಕಿದ್ದ ಶಂಕೆಯನ್ನು ಬಲ್ಲ ಪಂಡಿತರು ಶಾಲೆಯಲ್ಲಿ ಸಮಯಪಾಲನೆ, ಪ್ರಾರ್ಥನೆ, ಶುಚಿಯಾದ ಉಡುಪು ಮತ್ತು ನಿರ್ವ್ಯಸನ ಜೀವನವನ್ನು ಕಟ್ಟುನಿಟ್ಟಾಗಿ ಪಾಲಿಸಿದರು. ಮನೆಯ ಹಿರಿಯರು ಮಕ್ಕಳನ್ನು ನಿಶ್ಚಿಂತೆಯಿಂದ ಕಳುಹಿಸುವಂತಾದುದು ಈ ಶಿಸ್ತಿನಿಂದಲೇ.

ಬೋಧನಾಕ್ರಮವೂ ನೂತನವಾಗಿತ್ತು. ಸ್ವರಗಳನ್ನೂ ತಾಳವನ್ನೂ ಬರವಣಿಗೆಯಲ್ಲಿ ಸೂಚಿಸುವ ಸ್ವರಲಿಪಿಯೊಂದನ್ನು ಪಂಡಿತರು ರೂಪಿಸಿದರು. ತರಗತಿಗೆ ತಕ್ಕಂತೆ ಪಠ್ಯಪುಸ್ತಕಗಳನ್ನು ರಚಿಸಿ ಮುದ್ರಿಸಿದರು. ಗುರುಮುಖದಿಂದ ಬರುವ ಸೂಕ್ಷ್ಮವು ಕಾಗದದ ಮೇಲೆ ಇಳಿಯಲಾರದೆಂದು ಅನೇಕ ಗಾಯಕರು ಆಕ್ಷೇಪಿಸಿದರು. ಆ ಮಾತಿನಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಬರೆದಿಟ್ಟ ಚೀಜುಗಳು ಒಬ್ಬನ ನೆನಪಿನೊಡನೆ ನಾಶವಾಗುವುದು ತಪ್ಪಿತು. ಘರಾಣೆಯ ಹೊರಗಿನ ಬಡ ಬಾಲಕನಿಗೂ ಅವು ಲಭ್ಯವಾದವು.

ಇವೆಲ್ಲಕ್ಕಿಂತ ದೂರದೃಷ್ಟಿಯ ಯೋಜನೆಯೆಂದರೆ ಉಪದೇಶಕ ವರ್ಗ. ಪ್ರತಿಭಾವಂತರಾದ ಬಾಲಕರನ್ನು ಆರಿಸಿ, ಒಂಬತ್ತು ವರ್ಷಗಳ ಕರಾರಿನ ಮೇಲೆ, ಊಟ ವಸತಿಗಳನ್ನು ಶಾಲೆಯಿಂದಲೇ ಒದಗಿಸಿ ಶಿಕ್ಷಕರನ್ನಾಗಿ ಸಿದ್ಧಗೊಳಿಸಲಾಗುತ್ತಿತ್ತು. ತಾವೊಬ್ಬರೇ ಎಷ್ಟು ಜನರಿಗೆ ಕಲಿಸಿಯಾರು, ಕಲಿಸುವವರನ್ನೇ ತಯಾರಿಸಿದರೆ ವಿದ್ಯೆಯು ತಾನಾಗಿ ಬೆಳೆಯುವುದೆಂಬುದು ಅವರ ವಿಚಾರವಾಗಿತ್ತು.

1908ರಲ್ಲಿ ಮುಂಬಯಿಯಲ್ಲಿ ವಿದ್ಯಾಲಯವು ಆರಂಭವಾಯಿತು. ಅಲ್ಲಿ ವಿದ್ಯಾರ್ಥಿಗಳ ಸಂಖ್ಯೆ ವೃದ್ಧಿಸಿತು. ವಾದ್ಯಗಳನ್ನು ತಯಾರಿಸಿ ದುರಸ್ತಿ ಮಾಡುವ ಕಾರ್ಖಾನೆ, ಸ್ವಂತ ಮುದ್ರಣಾಲಯಗಳೂ ಕೂಡಿಕೊಂಡವು. ವಿದ್ಯಾಲಯಕ್ಕೆ ಸ್ವಂತ ಭವ್ಯ ಕಟ್ಟಡವಿರಬೇಕೆಂದು ಪಂಡಿತರು ಸಾಲ ಮಾಡಿ ಅದನ್ನು ನಿರ್ಮಿಸಿದರು. ಸಾಲದ ಕಂತುಗಳಿಗಾಗಿ ಊರಿಂದೂರಿಗೆ ಸಂಚರಿಸಿ ಹಾಡಿದರು. ಆದರೆ ವ್ಯಾಪಾರದಲ್ಲಿರುವ ನಾವೆಲ್ಲ ಬಲ್ಲಂತೆ, ಬಡ್ಡಿಯು ಹಗಲಿರುಳು ನಿಲ್ಲದೆ ನಡೆಯುವ ಪ್ರಯಾಣಿಕ. ಒಬ್ಬ ಗಾಯಕನ ಕಂಠವು ಎಷ್ಟು ದೂರ ಅದರೊಡನೆ ನಡೆದೀತು? ಅವರ ಮನಸ್ಸು ಆ ವೇಳೆಗೆ ಭಕ್ತಿಮಾರ್ಗದತ್ತ ಹೆಚ್ಚು ಹೆಚ್ಚಾಗಿ ಒಲಿದಿತ್ತು. ಕೊನೆಗೆ 1924ರ ಸುಮಾರಿಗೆ ಕಟ್ಟಡವು ಸಾಲಗಾರರ ಪಾಲಾಯಿತು.

ಸಂಸಾರದಲ್ಲಿಯೂ ಅವರು ಉಂಡ ದುಃಖ ಅಪಾರ. ಅವರ ಹನ್ನೆರಡು ಮಕ್ಕಳಲ್ಲಿ ಬದುಕಿ ಬೆಳೆದವರು 1921ರಲ್ಲಿ ಹುಟ್ಟಿದ ದತ್ತಾತ್ರೇಯ ಒಬ್ಬರೇ. ಪಂಡಿತರು ನಾಸಿಕದಲ್ಲಿ ರಾಮನಾಮ ಆಧಾರಾಶ್ರಮವನ್ನು ಕಟ್ಟಿಕೊಂಡು ಕಾಷಾಯಧಾರಿಗಳಾಗಿ ನೆಲೆಸಿದರು. ಕಾಂಗ್ರೆಸ್ ಅಧಿವೇಶನಗಳಲ್ಲಿ ವಂದೇ ಮಾತರಂ ಗೀತೆಯನ್ನು ಹಾಡಿ ದೇಶಸೇವೆಯನ್ನೂ ಸಲ್ಲಿಸಿದರು. 1930ರ ದಾಂಡಿಯಾತ್ರೆಯಲ್ಲಿ ಮೊಳಗಿದ ರಾಮಧುನ್ ಭಜನೆಯ ಧಾಟಿಯೂ ಅವರದೆಂದು ಪ್ರಸಿದ್ಧಿಯಿದೆ. 1931ರ ಆಗಸ್ಟ್ 21ರಂದು, ತಾವು ವಿದ್ಯೆ ಕಲಿತ ಮೀರಜದಲ್ಲಿಯೇ ಅವರು ದೇಹವಿಟ್ಟರು.

ಕಟ್ಟಡ ಹೋಯಿತು, ಸಂಸ್ಥಾಪಕರೂ ಹೋದರು. ವಿದ್ಯಾಲಯವು ಅಲ್ಲಿಗೆ ಮುಗಿಯಿತೇ? ಇಲ್ಲ. ಅದೇ 1931ರಲ್ಲಿ ಶಿಷ್ಯರು ಅಹಮದಾಬಾದಿನಲ್ಲಿ ಸೇರಿ ಗಾಂಧರ್ವ ಮಹಾವಿದ್ಯಾಲಯ ಮಂಡಲವನ್ನು ಸ್ಥಾಪಿಸಿದರು. ವಿನಾಯಕರಾವ್ ಪಟವರ್ಧನ್ ಅವರು 1932ರಲ್ಲಿ ಪುಣೆಯಲ್ಲಿ ವಿದ್ಯಾಲಯವನ್ನು ತೆರೆದರು. ಓಂಕಾರನಾಥ ಠಾಕೂರರು ಕಾಶಿ ಹಿಂದೂ ವಿಶ್ವವಿದ್ಯಾಲಯದಲ್ಲಿ ಸಂಗೀತ ಶಿಕ್ಷಣದ ಹೊಣೆ ಹೊತ್ತರು. ನಾರಾಯಣರಾವ್ ವ್ಯಾಸರು ತಮ್ಮ ಗಾಯನದಿಂದ ಮನೆಮಾತಾದರು. ಬಿ. ಆರ್. ದೇವಧರ್ ಅವರು ಮುಂಬಯಿಯಲ್ಲಿ ನಡೆಸಿದ ಶಾಲೆಗೆ ಬೆಳಗಾವಿ ಜಿಲ್ಲೆಯ ಸುಳೇಭಾವಿಯ ಬಾಲಕನೊಬ್ಬನು ಬಂದು ಸೇರಿದನು. ಅವರೇ ಮುಂದೆ ಲೋಕವಿಖ್ಯಾತರಾದ ಕುಮಾರ ಗಂಧರ್ವರು. ತಂದೆ ತೀರಿದಾಗ ಹತ್ತು ವರ್ಷದವರಾಗಿದ್ದ ದತ್ತಾತ್ರೇಯರೂ ತಂದೆಯ ಶಿಷ್ಯರಿಂದಲೇ ಕಲಿತು ಶ್ರೇಷ್ಠ ಗಾಯಕರಾದರು. 1955ರಲ್ಲಿ ಅವರು ಅಕಾಲ ಮರಣಕ್ಕೆ ತುತ್ತಾದುದು ಸಂಗೀತಲೋಕಕ್ಕೆ ತುಂಬಲಾರದ ನಷ್ಟ. ಮಂಡಲದ ಪರೀಕ್ಷೆಗಳಿಗೆ ಇಂದಿಗೂ ನಮ್ಮ ಕರ್ನಾಟಕದ ವಿದ್ಯಾರ್ಥಿಗಳು ಕುಳಿತುಕೊಳ್ಳುತ್ತಾರೆ.

ವಾಚಕ ಬಂಧುಗಳು ಈ ಚರಿತ್ರೆಯಿಂದ ಗ್ರಹಿಸಬೇಕಾದುದೇನೆಂದರೆ, ಕಲ್ಲುಗಾರೆಗಳಿಗೆ ಹಾಕಿದ ಹಣವು ಸಾಲಕ್ಕೆ ಹೋದರೂ ಉಪದೇಶಕ ವರ್ಗದ ಬಡ ಬಾಲಕರ ಊಟಕ್ಕೆ ವೆಚ್ಚವಾದ ಹಣವು ವ್ಯರ್ಥವಾಗಲಿಲ್ಲ. ಕಟ್ಟಡ ಬೇಡವೆಂದು ಇದರ ಅರ್ಥವಲ್ಲ. ಕಟ್ಟಡವನ್ನು ಕಟ್ಟುವವರು ಅದರೊಳಗೆ ಕಲಿಯುವವರನ್ನೂ ಕಲಿಸುವವರನ್ನೂ ಮೊದಲೇ ನೆನೆಯಬೇಕು. ಒಂದು ಊರಿನ ಸಮಾಜವು ಒಂದು ಕೊಠಡಿ, ಒಂದು ತಂಬೂರಿ, ಒಬ್ಬ ಗುರು ಮತ್ತು ಇಬ್ಬರು ಮೂವರು ಬಡ ವಿದ್ಯಾರ್ಥಿಗಳ ಊಟದ ಹೊಣೆ ಹೊತ್ತರೆ ಸಾಕು, ಪರಂಪರೆಯ ವಿದ್ಯೆಯೊಂದು ಮುಂದಿನ ತಲೆಮಾರಿಗೆ ದಾಟುವುದು. ಪ್ರಾತಃಸ್ಮರಣೀಯ ಪಲುಸ್ಕರ್ ಅವರ ಜೀವನವು ಈ ಸತ್ಕಾರ್ಯಕ್ಕೆ ನಮಗೆಲ್ಲ ಪ್ರೇರಣೆಯಾಗಲಿ.