ಅಪರಾಧದ ಬೇರನ್ನು ಸಮಾಜದಲ್ಲಿ ಹುಡುಕಿದ ಅಧ್ಯಾಪಕ: ಎಮಿಲ್ ಡರ್ಖೈಮ್

ನಿಮ್ಮ ಊರಿನಲ್ಲಿ ಒಂದು ಕಳ್ಳತನ ನಡೆಯಿತೆಂದು ಭಾವಿಸಿ. ಮರುದಿನ ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಎಂತಹ ಮಾತು ಕೇಳಿಬರುತ್ತದೆ? ಕಳ್ಳನ ಹುಟ್ಟೇ ಸರಿಯಿಲ್ಲವೆಂದು ಒಬ್ಬರು ಹೇಳುತ್ತಾರೆ. ಎಲ್ಲಕ್ಕೂ ಬಡತನವೇ ಕಾರಣವೆಂದು ಇನ್ನೊಬ್ಬರು ವಾದಿಸುತ್ತಾರೆ. ಕಠಿಣ ಶಿಕ್ಷೆ ಕೊಟ್ಟರೆ ನಾಳೆಯಿಂದಲೇ ಕಳ್ಳತನ ನಿಲ್ಲುತ್ತದೆಂದು ಮೂರನೆಯವರು ತೀರ್ಪು ಕೊಡುತ್ತಾರೆ. ಈ ಮೂರು ಉತ್ತರಗಳಿಂದಲೂ ತೃಪ್ತರಾಗದೆ, ಮನುಷ್ಯನನ್ನು ಸಮಾಜಕ್ಕೆ ಕಟ್ಟುವ ನಂಟು ಎಲ್ಲಿ ಸಡಿಲವಾಯಿತೆಂದು ಹುಡುಕಿದ ಒಬ್ಬ ಅಧ್ಯಾಪಕರ ಬದುಕನ್ನು ಇಲ್ಲಿ ನಿಮ್ಮ ಮುಂದಿಡುತ್ತಿದ್ದೇವೆ.

ಎಮಿಲ್ ಡರ್ಖೈಮ್ ಹುಟ್ಟಿದ್ದು 1858ರ ಏಪ್ರಿಲ್ 15ರಂದು, ಫ್ರಾನ್ಸಿನ ಪೂರ್ವಭಾಗದ ಎಪಿನಾಲ್ ಪಟ್ಟಣದಲ್ಲಿ. ಅವರದು ಯಹೂದಿ ಧರ್ಮಗುರುಗಳ ಮನೆತನ. ತಂದೆಯೂ ತಾತನೂ ಅದೇ ಕಾಯಕದವರು. ಮಗನೂ ಅದೇ ಹಾದಿ ಹಿಡಿಯಬೇಕೆಂದು ಮನೆಯವರ ಆಸೆಯಾಗಿತ್ತು. ಆತ ಆ ಹಾದಿ ತುಳಿಯಲಿಲ್ಲ. ಆದರೆ ಶಿಸ್ತು, ಮಿತ, ಕರ್ತವ್ಯ ಎಂಬ ಮನೆಯ ಪಾಠಗಳು ಜೀವನದುದ್ದಕ್ಕೂ ಅವರನ್ನು ಬಿಡಲಿಲ್ಲ. 1870ರ ಯುದ್ಧದಲ್ಲಿ ಫ್ರಾನ್ಸ್ ಪ್ರಷ್ಯಾಕ್ಕೆ ಸೋತಾಗ ಅವರಿಗೆ ಹನ್ನೆರಡು ವರ್ಷ. ಆ ಸೋಲಿನ ತಪ್ಪನ್ನು ಕೆಲವರು ಯಹೂದಿಗಳ ತಲೆಗೆ ಕಟ್ಟಿದ್ದನ್ನು ಆ ಬಾಲಕ ಕಣ್ಣಾರೆ ಕಂಡ. ಈ ನೆನಪನ್ನು ನೀವು ಮನಸ್ಸಿನಲ್ಲಿಟ್ಟುಕೊಳ್ಳಿ. ಮುಂದೆ ಇದು ಮತ್ತೆ ಬರುತ್ತದೆ.

ಪರೀಕ್ಷೆಯಲ್ಲಿ ಒಮ್ಮೆ ಎಡವಿದರೆ ಎದೆಗುಂದುವ ವಿದ್ಯಾರ್ಥಿಗಳು ಗಮನಿಸಬೇಕು. ಪ್ಯಾರಿಸ್ಸಿನ ಪ್ರಸಿದ್ಧ ಎಕೋಲ್ ನಾರ್ಮಲ್ ಸಂಸ್ಥೆಯ ಪ್ರವೇಶ ಪರೀಕ್ಷೆಯಲ್ಲಿ ಡರ್ಖೈಮ್ ಎರಡು ಸಲ ಸೋತು, 1879ರಲ್ಲಿ ಮೂರನೆಯ ಯತ್ನದಲ್ಲಿ ಗೆದ್ದರು. ಮುಂದೆ ಪ್ರೌಢಶಾಲೆಗಳಲ್ಲಿ ತತ್ತ್ವಶಾಸ್ತ್ರ ಕಲಿಸಿದರು. 1886ರಲ್ಲಿ ಆಪ್ತ ಗೆಳೆಯನೊಬ್ಬನ ಅಕಾಲಿಕ ಸಾವು ಅವರನ್ನು ತೀವ್ರವಾಗಿ ಕಲಕಿತು. 1887ರಲ್ಲಿ ಬೋರ್ಡೊ ವಿಶ್ವವಿದ್ಯಾಲಯ ಅವರನ್ನು ಕರೆಯಿತು. ಅಲ್ಲಿ ಅವರು ಶಾಲಾ ಶಿಕ್ಷಕರಿಗೆ ಶಿಕ್ಷಣಶಾಸ್ತ್ರ ಕಲಿಸುತ್ತಲೇ ಸಮಾಜಶಾಸ್ತ್ರವೆಂಬ ಹೊಸ ವಿಷಯಕ್ಕೆ ಅಡಿಪಾಯ ಹಾಕಿದರು.

ಆ ಕಾಲದಲ್ಲಿ ಅಪರಾಧದ ಬಗ್ಗೆ ಪ್ರಬಲವಾಗಿದ್ದ ವಾದ ಯಾವುದು ಗೊತ್ತೇ? ಇಟಲಿಯ ವೈದ್ಯ ಲೊಂಬ್ರೋಸೊ 1876ರಲ್ಲಿ ಒಂದು ಗ್ರಂಥ ಪ್ರಕಟಿಸಿ, ಅಪರಾಧಿಗಳಲ್ಲಿ ಅನೇಕರು ಹುಟ್ಟಿನಿಂದಲೇ ಹಾಗಿರುತ್ತಾರೆ, ತಲೆಬುರುಡೆ ಮತ್ತು ದವಡೆಯ ಆಕಾರದಿಂದ ಅವರನ್ನು ಗುರುತಿಸಬಹುದು ಎಂದು ಸಾರಿದ್ದ. ನಮ್ಮ ದೇಶದಲ್ಲೂ ಬ್ರಿಟಿಷ್ ಸರಕಾರ 1871ರಲ್ಲೇ ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದು, ಸಮುದಾಯಗಳನ್ನೇ ಹುಟ್ಟು ಅಪರಾಧಿಗಳೆಂದು ಪಟ್ಟಿ ಮಾಡಿತ್ತು. ಹುಬ್ಬಳ್ಳಿಯ ಸೆಟ್ಲ್‌ಮೆಂಟ್ ಎಂಬ ಬಡಾವಣೆಯ ಹೆಸರು ಇಂದಿಗೂ ಆ ಕಾಯ್ದೆಯ ಬೇಲಿಯನ್ನು ನೆನಪಿಸುತ್ತದೆ. ಆ ಕಾಯ್ದೆ ರದ್ದಾಗಲು 1952ರವರೆಗೆ ಕಾಯಬೇಕಾಯಿತು.

ಡರ್ಖೈಮ್ ಹಿಡಿದ ದಾರಿ ಬೇರೆ. 1893ರಲ್ಲಿ ಶ್ರಮವಿಭಜನೆಯ ಕುರಿತ ಗ್ರಂಥ, 1895ರಲ್ಲಿ ಸಮಾಜಶಾಸ್ತ್ರದ ವಿಧಾನದ ಕುರಿತ ಗ್ರಂಥ ಹೊರಬಂದವು. ಒಂದು ಸಮಾಜದ ಜನರಲ್ಲಿ ಸರಿ-ತಪ್ಪುಗಳ ಕುರಿತು ಹಂಚಿಕೊಂಡ ಭಾವನೆಗಳಿರುತ್ತವೆ. ಅದೇ ಸಾಮೂಹಿಕ ಪ್ರಜ್ಞೆ. ಆ ಪ್ರಜ್ಞೆಗೆ ಬಲವಾದ ಪೆಟ್ಟು ಕೊಡುವ ಕೃತ್ಯವೇ ಅಪರಾಧ ಎಂದರು ಅವರು. ಅಪರಾಧವಿಲ್ಲದ ಸಮಾಜವೇ ಇಲ್ಲ, ಸಂತರು ಮಾತ್ರ ವಾಸಿಸುವ ಮಠದಲ್ಲೂ ಸಣ್ಣ ತಪ್ಪುಗಳೇ ದೊಡ್ಡ ಅಪರಾಧಗಳಾಗಿ ಕಾಣುತ್ತವೆ ಎಂಬ ಅವರ ಮಾತು ಹಲವರನ್ನು ಕೆರಳಿಸಿತು. ಹಾಗಾದರೆ ಅವರು ಅಪರಾಧವನ್ನು ಸಮರ್ಥಿಸಿದರೇ? ಖಂಡಿತ ಇಲ್ಲ. ನೋವು ದೇಹಕ್ಕೆ ಸಹಜವಾದರೂ ಅದನ್ನು ಯಾರೂ ಬಯಸುವುದಿಲ್ಲವಷ್ಟೇ. ಶಿಕ್ಷೆಯ ಕುರಿತೂ ಅವರ ವಿಚಾರ ಹೊಸದಾಗಿತ್ತು. ಶಿಕ್ಷೆಯ ಮುಖ್ಯ ಕೆಲಸ ಕಳ್ಳನನ್ನು ಹೆದರಿಸುವುದಲ್ಲ. ನಿಯಮ ಇನ್ನೂ ಜೀವಂತವಾಗಿದೆಯೆಂದು ಪ್ರಾಮಾಣಿಕರಿಗೆ ಭರವಸೆ ಕೊಡುವುದು.

1897ರ ಅವರ ಗ್ರಂಥ ಆತ್ಮಹತ್ಯೆಯ ಕುರಿತದ್ದು. ಅದಕ್ಕಾಗಿ ಅವರ ಸೋದರಳಿಯ ಮಾರ್ಸೆಲ್ ಮೌಸ್ ಸುಮಾರು 26,000 ಪ್ರಕರಣಗಳ ಕಡತಗಳನ್ನು ವಿಂಗಡಿಸಿದರು. ಆ ಕಡತಗಳನ್ನು ನೋಡಲು ಅವಕಾಶ ಮಾಡಿಕೊಟ್ಟವರು ನ್ಯಾಯಾಂಗ ಅಂಕಿಅಂಶಗಳ ಮುಖ್ಯಸ್ಥ ಗೇಬ್ರಿಯಲ್ ತಾರ್ದ್. ಅಪರಾಧದ ವಿಷಯದಲ್ಲಿ ಡರ್ಖೈಮರ ವಾದವನ್ನು ತೀವ್ರವಾಗಿ ಖಂಡಿಸಿದವರೂ ಅವರೇ! ಬಡತನ ಬಂದಾಗ ಮಾತ್ರವಲ್ಲ, ಹಠಾತ್ ಸಿರಿ ಬಂದಾಗಲೂ ಜನ ಹಳಿ ತಪ್ಪುತ್ತಾರೆ ಎಂಬುದು ಈ ಅಧ್ಯಯನದ ಒಂದು ಮುಖ್ಯ ಅಂಶ. ಹಳೆಯ ಕಟ್ಟುಪಾಡು ಸಡಿಲವಾಗಿ ಹೊಸದು ಬೇರೂರದ ಈ ಸ್ಥಿತಿಯನ್ನು ಅವರು ಅನೋಮಿ, ಅಂದರೆ ನಿಯಮರಾಹಿತ್ಯ ಎಂದು ಕರೆದರು. ಆಸೆಗೆ ಮೇರೆಯಿಲ್ಲದಿದ್ದಾಗ ಮನುಷ್ಯನಿಗೆ ನೆಮ್ಮದಿಯಿಲ್ಲ.

ಹಾಗಾದರೆ ತಡೆಯುವ ಬಗೆ ಯಾವುದು? ಡರ್ಖೈಮರ ಉತ್ತರ ಪೊಲೀಸ್ ಠಾಣೆಯಿಂದ ಆರಂಭವಾಗುವುದಿಲ್ಲ. ಕುಟುಂಬದ ಹಿಡಿತ ಕಡಿಮೆಯಾಗುತ್ತಿರುವ ಕಾಲದಲ್ಲಿ ಒಂದೇ ವೃತ್ತಿಯವರ ಸಂಘಗಳು ಸದಸ್ಯರಿಗೆ ನೈತಿಕ ಆಸರೆಯಾಗಬೇಕೆಂದರು. ಶಾಲೆ ಮಗುವಿಗೆ ಶಿಸ್ತನ್ನೂ, ತನಗಿಂತ ದೊಡ್ಡದಾದ ಒಂದು ಗುಂಪಿನ ಮೇಲಿನ ಪ್ರೀತಿಯನ್ನೂ, ತಿಳಿದು ಒಪ್ಪುವ ವಿವೇಕವನ್ನೂ ಕಲಿಸಬೇಕೆಂದರು. ಆದರೆ ಬೆತ್ತದ ಏಟನ್ನು ಅವರು ಸ್ಪಷ್ಟವಾಗಿ ವಿರೋಧಿಸಿದರು. ಹೊಡೆತದಿಂದ ಭಯ ಹುಟ್ಟೀತೇ ಹೊರತು ನಿಯಮದ ಮೇಲಿನ ಗೌರವ ಹುಟ್ಟದು.

ಮುಂದೆ ಸಂಪ್ರದಾಯವಾದಿ ಸಮಾಜಶಾಸ್ತ್ರಜ್ಞರು ಈ ಬುನಾದಿಯ ಮೇಲೆ ಕಟ್ಟಡ ಕಟ್ಟಿದರು. ಜನ ಏಕೆ ಅಪರಾಧ ಮಾಡುತ್ತಾರೆಂದು ಕೇಳುವ ಬದಲು, ಹೆಚ್ಚಿನವರು ಏಕೆ ಮಾಡುವುದಿಲ್ಲವೆಂದು ಕೇಳಿದವರು ಅಮೆರಿಕದ ಟ್ರಾವಿಸ್ ಹರ್ಷಿ. ಪ್ರೀತಿಪಾತ್ರರೊಡನೆ ಬಾಂಧವ್ಯ, ಭವಿಷ್ಯದ ಗುರಿಗೆ ಬದ್ಧತೆ, ಸತ್ಕಾರ್ಯಗಳಲ್ಲಿ ತೊಡಗುವಿಕೆ, ನಿಯಮಗಳಲ್ಲಿ ನಂಬಿಕೆ ಎಂಬ ನಾಲ್ಕು ಕೊಂಡಿಗಳೇ ಯುವಕರನ್ನು ಹಿಡಿದಿಡುತ್ತವೆಂದು ಅವರು 1969ರಲ್ಲಿ ಬರೆದರು. 1982ರಲ್ಲಿ ವಿಲ್ಸನ್ ಮತ್ತು ಕೆಲ್ಲಿಂಗ್ ಒಡೆದ ಕಿಟಕಿಯ ಉದಾಹರಣೆ ಕೊಟ್ಟು, ಸಣ್ಣ ಅವ್ಯವಸ್ಥೆಯನ್ನು ಸರಿಪಡಿಸದಿದ್ದರೆ ದೊಡ್ಡ ಅಪರಾಧಕ್ಕೆ ದಾರಿಯಾಗುತ್ತದೆಂದು ವಾದಿಸಿದರು.

ಈ ಚಿಂತನೆಯಲ್ಲಿ ಒಂದು ಅಪಾಯವೂ ಅಡಗಿದೆ. ಸುವ್ಯವಸ್ಥೆಯ ಹೆಸರಿನಲ್ಲಿ ಬಡವರ ಮತ್ತು ಅಲ್ಪಸಂಖ್ಯಾತರ ಬೀದಿಗಳ ಮೇಲೆ ಮಾತ್ರ ಕಣ್ಣಿಡುವ ಅಪಾಯ. ನ್ಯೂಯಾರ್ಕಿನಲ್ಲಿ ದಾರಿಹೋಕರನ್ನು ನಿಲ್ಲಿಸಿ ತಪಾಸಣೆ ಮಾಡಿದಾಗ ಅದರ ಭಾರ ಬಿದ್ದದ್ದು ಹೆಚ್ಚಾಗಿ ಕಪ್ಪು ಮತ್ತು ಲ್ಯಾಟಿನೋ ಯುವಕರ ಮೇಲೆ. ಆ ಪದ್ಧತಿ ನಡೆದ ರೀತಿ ಸಂವಿಧಾನಬಾಹಿರವೆಂದು ಫೆಡರಲ್ ನ್ಯಾಯಾಲಯ 2013ರಲ್ಲಿ ಹೇಳಿತು. ನಂಟನ್ನು ಬೆಸೆಯಬೇಕಾದ ವ್ಯವಸ್ಥೆಯೇ ನಂಟನ್ನು ಕಡಿದರೆ ಫಲವೇನು?

ಡರ್ಖೈಮ್ ಈ ಅಪಾಯವನ್ನು ತಮ್ಮ ಬದುಕಿನಲ್ಲೇ ಎದುರಿಸಿದರು. ಸೇನಾಧಿಕಾರಿ ಆಲ್ಫ್ರೆಡ್ ಡ್ರೈಫಸ್ ಎಂಬ ಯಹೂದಿಯನ್ನು 1894ರಲ್ಲಿ ದೇಶದ್ರೋಹಿಯೆಂದು ಶಿಕ್ಷಿಸಲಾಯಿತು. ಆತ ನಿರಪರಾಧಿಯಾಗಿದ್ದ. 1898ರಲ್ಲಿ ಡರ್ಖೈಮ್ ಬಹಿರಂಗವಾಗಿ ಲೇಖನ ಬರೆದು, ವ್ಯಕ್ತಿಯ ಹಕ್ಕನ್ನು ಕಾಪಾಡುವುದು ಸಮಾಜವನ್ನು ಒಡೆಯುವುದಲ್ಲ, ಇಂದಿನ ಸಮಾಜವನ್ನು ಕಟ್ಟಿ ಹಿಡಿದಿರುವುದೇ ಆ ಗೌರವ ಎಂದು ಪ್ರತಿಪಾದಿಸಿದರು. ಸಂಕಟದಲ್ಲಿರುವ ಸಮಾಜ ತನ್ನ ನೋವಿಗೆ ಹೊಣೆಗಾರರನ್ನು ಹುಡುಕುತ್ತದೆ, ಆಗ ಬಲಿಯಾಗುವವರು ಮೊದಲೇ ಜನರ ಅಪನಂಬಿಕೆಗೆ ಗುರಿಯಾದವರು ಎಂಬುದನ್ನೂ ಅವರು ಗುರುತಿಸಿದರು. ಎಪಿನಾಲ್‌ನ ಬಾಲಕ ಕಂಡದ್ದು ವಿಜ್ಞಾನಿಯ ವಿವರಣೆಯಾಗಿ ಮೂಡಿತು. 1906ರಲ್ಲಿ ಡ್ರೈಫಸ್ ದೋಷಮುಕ್ತನಾದ.

1902ರಲ್ಲಿ ಡರ್ಖೈಮ್ ಪ್ಯಾರಿಸ್ಸಿನ ಸೋರ್ಬಾನ್‌ಗೆ ಬಂದರು. 1914ರಲ್ಲಿ ಮಹಾಯುದ್ಧ ಆರಂಭವಾಯಿತು. ಅವರ ಶಿಷ್ಯರಲ್ಲಿ ಹಲವರು ಮಡಿದರು. ಭಾಷಾಶಾಸ್ತ್ರದಲ್ಲಿ ಭರವಸೆ ಮೂಡಿಸಿದ್ದ ಮಗ ಆಂದ್ರೆ 1915ರ ಕೊನೆಯಲ್ಲಿ ಬಾಲ್ಕನ್ ರಣರಂಗದಲ್ಲಿ ಗಾಯಗೊಂಡು ತೀರಿಕೊಂಡ. ಇಂತಹ ತಂದೆಯ ದೇಶನಿಷ್ಠೆಯನ್ನೇ 1916ರಲ್ಲಿ ಸೆನೆಟ್ ಸದಸ್ಯರೊಬ್ಬರು ಶಂಕಿಸಿದರು. ಶಿಕ್ಷಣ ಸಚಿವರು ಅವರ ಪರ ನಿಲ್ಲಬೇಕಾಯಿತು. ಪುತ್ರಶೋಕದಿಂದ ಅವರು ಚೇತರಿಸಿಕೊಳ್ಳಲಿಲ್ಲ. 1917ರ ನವೆಂಬರ್ 15ರಂದು, 59ನೆಯ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು.

ಓದುಗರೇ, ಈ ಜೀವನದಿಂದ ನಾವು ಏನನ್ನು ಪಡೆಯಬಹುದು? ಬೀದಿಯಲ್ಲಿ ಅಲೆಯುವ ಹುಡುಗನೊಬ್ಬನನ್ನು ಕಂಡಾಗ ಅವನ ವಂಶ ಯಾವುದೆಂದು ಕೇಳುವ ಮೊದಲು, ಅವನ ಯಾವ ಕೊಂಡಿ ಕಳಚಿದೆಯೆಂದು ಕೇಳೋಣ. ಶಾಲೆ ಬಿಟ್ಟಿದ್ದಾನೆಯೇ? ಮನೆಯಲ್ಲಿ ಅವನ ಮಾತು ಕೇಳುವವರಿದ್ದಾರೆಯೇ? ಕಲಿಯಲು ಒಂದು ಕಸುಬಿದೆಯೇ? ತಪ್ಪು ಮಾಡಿದವನಿಗೆ ಶಿಕ್ಷೆಯಾಗಲಿ, ಆದರೆ ಅದು ಅವನೊಬ್ಬನಿಗೇ ಆಗಲಿ, ಅವನ ಕೇರಿಗೆಲ್ಲ ಬೇಡ. ಶಾಲೆಯಿಂದ ದೂರವಾದ ಒಬ್ಬ ಹುಡುಗನನ್ನು ನಿಮ್ಮಲ್ಲಿ ಪ್ರತಿಯೊಬ್ಬರೂ ಈ ವರ್ಷ ಮರಳಿ ತರಗತಿಗೆ ಕರೆತಂದರೆ, ಅದಕ್ಕಿಂತ ದೊಡ್ಡ ಅಪರಾಧ ತಡೆ ಬೇರೇನಿದೆ?