ಜಾನ್ ಆಲೆನ್ (ಮಾದರಿ ರೈಲ್ವೆ ನಿರ್ಮಾತೃ)

ಜಾನ್ ವಿಟ್ಬಿ ಆಲೆನ್ (ಜುಲೈ ೨, ೧೯೧೩ – ಜನವರಿ ೬, ೧೯೭೩) ಅಮೆರಿಕದ ಛಾಯಾಗ್ರಾಹಕ ಮತ್ತು ಮಾದರಿ ರೈಲ್ವೆ ನಿರ್ಮಾತೃ. ಕ್ಯಾಲಿಫೋರ್ನಿಯಾದ ಮಾಂಟೆರೇ ಪಟ್ಟಣದ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಕಟ್ಟಿದ 'ಗೊರ್ ಆಂಡ್ ಡಾಫೆಟಿಡ್' ಎಂಬ ಕಾಲ್ಪನಿಕ ರೈಲುಮಾರ್ಗದಿಂದ ಅವರು ಪ್ರಸಿದ್ಧರಾದರು. ಆಟಿಕೆಯೆಂದು ಪರಿಗಣಿತವಾಗಿದ್ದ ಮಾದರಿ ರೈಲನ್ನು ಬೆಟ್ಟ, ಪಟ್ಟಣ, ದುಡಿಮೆ ಮತ್ತು ಕಾಲದ ಸವೆತಗಳನ್ನು ಒಳಗೊಂಡ ಒಂದು ಪ್ರದೇಶವಾಗಿ ರೂಪಿಸಿದವರಲ್ಲಿ ಅವರು ಪ್ರಮುಖರು.

ಜೀವನ

ಆಲೆನ್ ಮಿಸ್ಸೌರಿ ರಾಜ್ಯದ ಜಾಪ್ಲಿನ್‌ನಲ್ಲಿ ಜನಿಸಿದರು. ಲಾಸ್ ಏಂಜಲೀಸ್‌ನಲ್ಲಿ ಛಾಯಾಗ್ರಹಣವನ್ನು ವೃತ್ತಿಯಾಗಿ ಕೈಗೊಂಡಿದ್ದ ಅವರು ೧೯೪೦ರ ದಶಕದಲ್ಲಿ ಮಾಂಟೆರೇಗೆ ಬಂದು ನೆಲೆಸಿದರು. ಬೆಳಕು, ನೆರಳು ಮತ್ತು ಚೌಕಟ್ಟುಗಳ ಬಗ್ಗೆ ವೃತ್ತಿಯಿಂದ ದೊರೆತ ಅರಿವು ಅವರ ಮಾದರಿ ನಿರ್ಮಾಣಕ್ಕೆ ತಳಹದಿಯಾಯಿತು.

ಗೊರ್ ಆಂಡ್ ಡಾಫೆಟಿಡ್

ಈ ಹೆಸರಿನಲ್ಲಿ ಒಂದು ಶ್ಲೇಷೆಯಿದೆ. ಇದನ್ನು 'ಗೋರಿ ಆಂಡ್ ಡಿಫೀಟೆಡ್' ಎಂದು ಉಚ್ಚರಿಸಲಾಗುತ್ತದೆ. ರಕ್ತಸಿಕ್ತ ಮತ್ತು ಪರಾಜಿತ ಎಂಬುದು ಅದರ ಅರ್ಥ. ಗೊರ್ ಮತ್ತು ಡಾಫೆಟಿಡ್ ಈ ಮಾರ್ಗದ ಎರಡು ಕಾಲ್ಪನಿಕ ಊರುಗಳು.

ಆಲೆನ್ ಈ ರೈಲುಮಾರ್ಗವನ್ನು ಮೂರು ಹಂತಗಳಲ್ಲಿ ನಿರ್ಮಿಸಿದರು. ಮೊದಲನೆಯದು ಒಂದು ಮೇಜಿನಷ್ಟು ಜಾಗದಲ್ಲಿತ್ತು. ೧೯೫೦ರ ದಶಕದಲ್ಲಿ ಹೊಸ ಮನೆಯ ನೆಲಮಾಳಿಗೆಯಲ್ಲಿ ಆರಂಭವಾದ ಮೂರನೆಯ ಮತ್ತು ಕೊನೆಯ ಮಾರ್ಗದಲ್ಲಿ ಈ ಮೊದಲ ಮಾದರಿಯನ್ನೂ ಒಂದು ಭಾಗವಾಗಿ ಸೇರಿಸಲಾಯಿತು. ಈ ಮೂರನೆಯ ಮಾರ್ಗದ ಕೆಲಸ ಅವರ ಜೀವನದ ಕೊನೆಯವರೆಗೂ ನಡೆಯಿತು.

ವಿನ್ಯಾಸ

ಆಲೆನ್ ಬಳಸಿದ ಎಚ್‌ಒ ಮಾಪಕದಲ್ಲಿ ಪ್ರತಿಯೊಂದು ವಸ್ತುವೂ ನೈಜ ಗಾತ್ರದ ೮೭ರಲ್ಲಿ ಒಂದು ಭಾಗದಷ್ಟಿರುತ್ತದೆ. ಆಳೆತ್ತರದ ಮನುಷ್ಯ ಸುಮಾರು ೨ ಸೆಂಟಿಮೀಟರ್ ಆಗುತ್ತಾನೆ. ಆದರೆ ಒಂದು ಕಿಲೋಮೀಟರ್ ದೂರಕ್ಕೆ ಈ ಮಾಪಕದಲ್ಲಿಯೂ ಸುಮಾರು ೧೧.೫ ಮೀಟರ್ ಹಳಿ ಬೇಕಾಗುತ್ತದೆ. ಆದ್ದರಿಂದ ಕೋಣೆಯೊಂದರೊಳಗೆ ದೂರದ ಭಾವನೆಯನ್ನು ಮೂಡಿಸುವುದೇ ವಿನ್ಯಾಸಕಾರನ ಮುಖ್ಯ ಸಮಸ್ಯೆ.

ಇದಕ್ಕೆ ಆಲೆನ್ ಎತ್ತರದಲ್ಲಿ ಪರಿಹಾರ ಕಂಡುಕೊಂಡರು. ಸಮತಟ್ಟಾದ ಮೇಜಿನ ಬದಲು ನೆಲದಿಂದ ಛಾವಣಿಯವರೆಗೆ ಏರುವ ಪರ್ವತಗಳನ್ನು ಪ್ಲಾಸ್ಟರ್‌ನಿಂದ ನಿರ್ಮಿಸಿದರು. ಹಳಿಗಳು ಕಣಿವೆ, ಸೇತುವೆ ಮತ್ತು ಸುರಂಗಗಳ ಮೂಲಕ ಸುತ್ತುತ್ತ ಮೇಲೇರಿದವು. ಹೀಗಾಗಿ ನೋಡುಗನಿಗೆ ಇಡೀ ಮಾರ್ಗ ಒಂದೇ ನೋಟಕ್ಕೆ ಕಾಣುತ್ತಿರಲಿಲ್ಲ; ಬಂಡೆಯ ಹಿಂದೆ ಮರೆಯಾದ ರೈಲು ಬೇರೊಂದು ಎತ್ತರದಲ್ಲಿ ಪ್ರತ್ಯಕ್ಷವಾಗುತ್ತಿತ್ತು. ಕಟ್ಟಡಗಳ ನಡುವೆ ಹಾಗೂ ಹಿನ್ನೆಲೆಯಲ್ಲಿ ಕನ್ನಡಿಗಳನ್ನು ಮರೆಮಾಡಿ ಇರಿಸಿ ದೃಶ್ಯಗಳ ಆಳವನ್ನೂ ಅವರು ಹೆಚ್ಚಿಸಿದರು.

ಆ ಕಾಲದ ಬಹುತೇಕ ಮಾದರಿಗಳು ಹೊಳೆಯುವ ಹೊಸ ಬಣ್ಣದಲ್ಲಿರುತ್ತಿದ್ದವು. ಆಲೆನ್ ತಮ್ಮ ಇಂಜಿನ್, ವ್ಯಾಗನ್ ಮತ್ತು ಕಟ್ಟಡಗಳಿಗೆ ತುಕ್ಕು, ಮಸಿ, ಧೂಳು ಮತ್ತು ಮಾಸಿದ ಮರದ ಬಣ್ಣಗಳನ್ನು ನೀಡಿದರು. ಒಳಾಂಗಣದ ವಿವರಗಳನ್ನೂ ಹೊಂದಿದ್ದ ಅವರ ಇಂಜಿನ್ ಶೆಡ್ ಇತರ ಹವ್ಯಾಸಿಗಳಿಗೆ ಮಾದರಿಯಾಯಿತು. ಇಷ್ಟೊಂದು ನೈಜತೆಯ ನಡುವೆ ಹಾಸ್ಯಕ್ಕೂ ಸ್ಥಾನವಿತ್ತು: ಎಮ್ಮಾ ಎಂಬ ಸ್ಟೆಗೋಸಾರಸ್ ಡೈನೋಸಾರ್ ಈ ರೈಲ್ವೆಯಲ್ಲಿ ಶಂಟಿಂಗ್ ಇಂಜಿನ್ನಿನ ಕೆಲಸ ಮಾಡುತ್ತಿತ್ತು.

ಕಾರ್ಯಾಚರಣೆ

ಆಲೆನ್ ಅವರಿಗೆ ಈ ಮಾರ್ಗ ಕೇವಲ ಪ್ರದರ್ಶನದ ವಸ್ತುವಾಗಿರಲಿಲ್ಲ. ಸ್ನೇಹಿತರು ಸೇರಿ ರೈಲ್ವೆ ಸಿಬ್ಬಂದಿಯಂತೆ ಕೆಲಸ ಹಂಚಿಕೊಂಡು, ವೇಗವಾಗಿ ಓಡುವ ಗಡಿಯಾರ ಮತ್ತು ವೇಳಾಪಟ್ಟಿಯ ಪ್ರಕಾರ ರೈಲುಗಳನ್ನು ನಡೆಸುತ್ತಿದ್ದರು. ಪ್ರತಿ ವ್ಯಾಗನ್ನಿಗೂ ಹೊರಟ ಊರು ಮತ್ತು ತಲುಪಬೇಕಾದ ಊರು ಇರುತ್ತಿತ್ತು.

ಅವರು ರೂಪಿಸಿದ 'ಟೈಮ್‌ಸೇವರ್' ಎಂಬ ಶಂಟಿಂಗ್ ಆಟ ೧೯೭೨ರಲ್ಲಿ 'ಮಾಡೆಲ್ ರೈಲ್‌ರೋಡರ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಒಂದು ಇಂಜಿನ್, ಐದು ಪಾಯಿಂಟ್‌ಗಳು ಮತ್ತು ಕೆಲವೇ ವ್ಯಾಗನ್‌ಗಳಿರುವ ಸಣ್ಣ ಯಾರ್ಡಿನಲ್ಲಿ ವ್ಯಾಗನ್‌ಗಳನ್ನು ನಿಗದಿತ ಸ್ಥಳಗಳಿಗೆ ಅತಿ ಕಡಿಮೆ ಸಮಯದಲ್ಲಿ ಸೇರಿಸಬೇಕು. ಹಳಿಗಳು ಗಿಡ್ಡವಾಗಿರುವುದರಿಂದ ಒಂದು ವ್ಯಾಗನ್ನನ್ನು ಸಾಗಿಸಲು ಮೊದಲು ಬೇರೆಯವನ್ನು ಸರಿಸಬೇಕಾಗುತ್ತದೆ. ಅದರಲ್ಲಿಯೇ ಆಟದ ಸವಾಲಿದೆ.

ಛಾಯಾಚಿತ್ರಗಳು

ಆಲೆನ್ ತಮ್ಮ ರೈಲುಮಾರ್ಗವನ್ನು ಸ್ವತಃ ಚಿತ್ರೀಕರಿಸಿದರು. ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆದಾಗ ಮುಂಭಾಗ ಮತ್ತು ಹಿನ್ನೆಲೆಗಳಲ್ಲಿ ಒಂದು ಮಸುಕಾಗಿ ಮಾದರಿಯ ಗಾತ್ರ ಬಯಲಾಗುತ್ತದೆ. ಅವರು ಮಸೂರದ ದ್ವಾರವನ್ನು ಬಹಳ ಕಿರಿದಾಗಿಸಿ, ದೀರ್ಘಕಾಲ ಬೆಳಕು ಬೀಳಿಸಿ ಎರಡನ್ನೂ ಸ್ಪಷ್ಟಗೊಳಿಸುತ್ತಿದ್ದರು. ಈ ಚಿತ್ರಗಳು ಹವ್ಯಾಸಿ ಪತ್ರಿಕೆಗಳಲ್ಲಿ ಹಾಗೂ ವಾರ್ನಿ ಕಂಪನಿಯ ಜಾಹೀರಾತುಗಳಲ್ಲಿ ಪ್ರಕಟವಾಗಿ, ಮಾಂಟೆರೇಗೆ ಎಂದೂ ಹೋಗದ ಸಾವಿರಾರು ಓದುಗರಿಗೆ ಈ ಪ್ರದೇಶವನ್ನು ಪರಿಚಯಿಸಿದವು.

ನಿಧನ ಮತ್ತು ಅಗ್ನಿ ಅನಾಹುತ

೧೯೭೩ರ ಜನವರಿ ೬ರಂದು ಆಲೆನ್ ಹೃದಯಾಘಾತದಿಂದ ನಿಧನರಾದರು. ಅವರಿಗೆ ಆಗ ೫೯ ವರ್ಷ. ಸುಮಾರು ಹತ್ತು ದಿನಗಳ ನಂತರ ಮನೆಯಲ್ಲಿ ಬೆಂಕಿ ಕಾಣಿಸಿಕೊಂಡು ಗೊರ್ ಆಂಡ್ ಡಾಫೆಟಿಡ್‌ನ ಬಹುಭಾಗ ನಾಶವಾಯಿತು. ಎರಡು ದಶಕಗಳಷ್ಟು ಕಾಲ ಬೆಳೆದಿದ್ದ ರೈಲುಮಾರ್ಗ ತನ್ನ ನಿರ್ಮಾತೃವಿನ ಬೆನ್ನಿಗೇ ಇಲ್ಲವಾಯಿತು.

ಪ್ರಭಾವ

ಮಾಡೆಲ್ ರೈಲ್‌ರೋಡರ್ ಪತ್ರಿಕೆಯ ಸಂಪಾದಕರಾಗಿದ್ದ ಲಿನ್ ವೆಸ್ಟ್‌ಕಾಟ್ ಅವರು ಆಲೆನ್ ಕುರಿತು ಬರೆದ ಸಚಿತ್ರ ಗ್ರಂಥ ೧೯೮೧ರಲ್ಲಿ ಹೊರಬಂದಿತು. ಹಳೆಯದಾದ ವಸ್ತುಗಳ ಬಣ್ಣ, ಆಳದ ಭೂದೃಶ್ಯ, ಉದ್ದೇಶವುಳ್ಳ ಓಡಾಟ ಇಂದು ಈ ಹವ್ಯಾಸದ ಸಾಮಾನ್ಯ ಕ್ರಮಗಳಾಗಿವೆ. ಮೂಲ ಮಾರ್ಗವನ್ನು ಇಂದಿನವರು ಬಲ್ಲುದು ಬಹುಮಟ್ಟಿಗೆ ಆಲೆನ್ ತೆಗೆದ ಛಾಯಾಚಿತ್ರಗಳ ಮೂಲಕವೇ.